ಕರೀಮಾಬಿ ಕುಂದ್ರೋ ಮೂಲಿ

ಮಸ್ಕ್ಯಾಗ ಪಿಕಪ್ ಗಾಡಿ ಇಟ್ಟವರು ಬೇಕಾದಷ್ಟು ಮಂದಿ ಅದಾರ. ಗಾಡೀನ ಎತ್ತು ಸಾಕಿದಂಗ ಸಾಕಿದವ ಮಾತ್ರ ಆದಪ್ಪ ಒಬ್ಬನ. ಜೋಡೆತ್ತು ಮಾರಿ ಗಾಡಿ ತಂದಿದ್ದಕ್ಕೋ ಏನೋ, ಅದರ ಮೈ ತೊಳಿಯೋದು, ಹಣಿಗೆ ಕುಂಕುಮ ಹಚ್ಚೋದು, ಕನ್ನಡಿಗೆ ಗೊಂಡೆ ಕಟ್ಟೋದು, ಎಲ್ಲಾ ಎತ್ತಿನ ಲೆಕ್ಕದಾಗ ನಡೀತಿತ್ತು. ಅಮಾಸಿ ಬಂತಂದ್ರ ತುರ್ವಿಹಾಳ ಕಡೆ ಸಣ್ಣ ಕಾಲುವ್ಯಾಗ ಗಾಡಿ ಇಳಿಸಿ, ಗಾಲಿ ಮುಣುಗೋಮಟ ನೀರಾಗ ನಿಂದ್ರಿಸಿ, ತೆಂಗಿನ ನಾರು ತಗೊಂಡು ಗಸಗಸ ತಿಕ್ಕತಿದ್ದ. ಆಮ್ಯಾಲೆ ಇಂಜಿನ್ನಿನಿಂದ ಇಳಿಸಿದ ಹಳೇ ಕರಿ ಆಯಿಲ್ಲು ಬ್ರಷ್ಷಿಗೆ ಅದ್ದಿಕೊಂಡು ಗಾಡಿ ಹೊಟ್ಟಿಗೆಲ್ಲಾ ಬಳೀತಿದ್ದ. ಎತ್ತಿಗೆ ಎಣ್ಣಿ ಹಚ್ಚಿದ್ರ ಮೈ ಮಿಂಚ್ತೈತಿ, ಕಬ್ಬಿಣಕ್ಕ ಹಚ್ಚಿದ್ರ ಜಂಗು ಹಿಡಿಯಂಗಿಲ್ಲ ಅನ್ನೋದು ಅವನ ವಾದ. ಹೆಂಡತಿ ಗಿರಿಯಮ್ಮ ನೋಡಿ ನೋಡಿ ಸಾಕಾಗಿ, “ಒಂದಿನಾರ ನನ್ನ ತಲಿಗೆ ಎಣ್ಣಿ ಹಚ್ಚೀಯೇನು ನೀ?” ಅಂತ ಕೇಳತಿದ್ಲು.

ನಾಲ್ಯಾಗ, ಅಂದ್ರ ದೊಡ್ಡ ಕಾಲುವ್ಯಾಗ, ನೀರು ಬಿಟ್ಟರು ಅಂದ್ರ ತುರ್ವಿಹಾಳ ಸುತ್ತಲ ನೆಲ್ಲು ನಾಟಿ ಸುರುವಾಗ್ತೈತಿ. ಆವಾಗ ಆದಪ್ಪನ ಗಾಡಿಗೆ ಒಂದ ಕೆಲಸ. ಮುಂಜಾನಿ ಮಸ್ಕಿಯಿಂದ ನಾಟಿ ಹಚ್ಚೋ ಹೆಣ್ಣಾಳು ತುಂಬಿಕೊಂಡು ಹೋಗೋದು, ಸಂಜಿಗೆ ತಿರುಗಿ ತಂದು ಓಣ್ಯಾಗ ಇಳಿಸೋದು. ಆಳಿನ ಗುಂಪಿಗೆ ಮೇಸ್ತ್ರಿ ಕಲ್ಯಾಣಮ್ಮ. ಯಾವ ರೈತನ ಗದ್ದಿಗೆ ಹೋಗಬೇಕು, ಯಾರು ಬರಬೇಕು, ಯಾರು ಬ್ಯಾಡ, ಎಲ್ಲಾ ಆಕಿ ಹೇಳಿದಂಗ. ಗಿರಿಯಮ್ಮನೂ ಅದ ಗುಂಪಿನಾಗ ದುಡೀತಿದ್ಲು.

ಗುಂಪಿನಾಗ ಎಲ್ಲಾರಿಗಿಂತ ಹಿರಿಯಾಕಿ ಕರೀಮಾಬಿ, ಎಲ್ಲಾರೂ ಆಕೀನ ಬೂಬಮ್ಮ ಅಂತಿದ್ರು. ಮನ್ಯಾಗ ಕಣ್ಣು ಕಾಣದ ತಂಗಿ ಸಕೀನಾಬೀ ಅದಾಳ, ಇಬ್ಬರ ಹೊಟ್ಟಿನೂ ಕರೀಮಾಬಿ ದುಡಿಮಿ ಮ್ಯಾಲೆ. ಆದ್ರ ಈಗೀಗ ಕೈ ಮೊದಲಿನಂಗ ಓಡಂಗಿಲ್ಲ, ಬಗ್ಗಿದ ಸೊಂಟ ಜಲ್ದಿ ಏಳಂಗಿಲ್ಲ. ಮಗ್ಗಲಾಕಿ ತನ್ನ ಸಾಲು ಮುಗಿಸಿ ಬದುವಿನ ಮ್ಯಾಲೆ ಕುಂತು ಎಲಿ ಅಡಿಕಿ ಹಾಕ್ಕೊಳ್ಳೋವಾಗ ಈಕೀದು ಇನ್ನಾ ಅರ್ಧ ಗದ್ದ್ಯಾಗ ಇರ್ತಿತ್ತು. ಹಿಂಗಾಗಿ ಈಕೀನ ಬಿಟ್ಟು ವಯಸ್ಸಿನ ಹುಡುಗಿ ಒಬ್ಬಾಕೀನ ಸೇರಿಸಿಕೋಬೇಕು ಅಂತ ಕಲ್ಯಾಣಮ್ಮನ ಮನಸಿನಾಗ ಬಂದು ಭಾಳ ದಿನ ಆಗಿತ್ತು. ಹಿರೇ ಜೀವ, ಮಾರಿ ನೋಡಿ ಬ್ಯಾಡ ಅನ್ನಾಕ ಬಾಯಿ ಬರ್ತಿದ್ದಿಲ್ಲ, ಒಂದು ನೆಪ ಬೇಕಾಗಿತ್ತು ಅಷ್ಟ.

ಗಾಡಿ ಹಿಂದ ಹತ್ತಿದ್ರ, ಎಡಗಡೆ ಕ್ಯಾಬಿನ್ನಿಗೆ ಬೆನ್ನು ಹಚ್ಚಿ ಕುಂದ್ರೋ ಮೂಲಿ ಕರೀಮಾಬೀದು. ಅಲ್ಲಿ ಗಾಳಿ ಬಡಿಯಂಗಿಲ್ಲ, ಸೊಂಟಕ್ಕ ಆಸರ ಸಿಗ್ತೈತಿ. ಚಪ್ಪಲಿ ಬಿಚ್ಚಿಟ್ಟು, ಬರಿಗಾಲು ತಗಡಿನ ಮ್ಯಾಲೆ ಊರಿ, ಎಲ್ಲಾರ ಬುತ್ತಿಗಂಟು ಮಗ್ಗಲದಾಗ ಇಟ್ಟುಕೊಂಡು ಕಾಯೋದು ಆಕಿ ಪದ್ಧತಿ. ಇನ್ನೊಂದು ಪದ್ಧತಿ ಇತ್ತು, ಅದು ಈ ಕಡೆ ಎಲ್ಲಾ ಗಾಡ್ಯಾಗೂ ಇರೋದ. ಹಿಂದ ಕುಂತವರು ಕ್ಯಾಬಿನ್ ತಲಿ ಮ್ಯಾಲೆ ಅಂಗೈಲೆ ಬಡದ್ರ ಡ್ರೈವರ್ ಗಾಡಿ ನಿಂದ್ರಿಸಬೇಕು. ಯಾಕ, ಏನು ಅಂತ ಕೇಳೋದು ಆಮ್ಯಾಲೆ.

ಶ್ರಾವಣದಾಗಿನ ಒಂದು ಮುಂಜಾನಿ. ಗಾಡಿ ತುರ್ವಿಹಾಳ ದಾಟಿ ನಾಲಿ ದಂಡಿ ದಾರಿ ಹಿಡಿದಿತ್ತು. ಎಡಕ್ಕ ತುಂಬಿ ಹರಿಯೋ ನಾಲಿ, ಬಲಕ್ಕ ಗದ್ದಿ, ನಡುವ ಒಂದ ಗಾಡಿ ಹಿಡಿಯೋವಷ್ಟು ದಾರಿ. ಆದಪ್ಪ ಎಂದಿನಂಗ ಹಾಡು ಜೋರು ಹಚ್ಚಿದ್ದ. ಕ್ಯಾಬಿನ್ ತಲಿ ಮ್ಯಾಲೆ ಧಪಧಪ ಬಡದದ್ದು ಅವಗ ಹಾಡಿನಾಗಿನ ಡೋಲು ಅನ್ನಿಸಿತು. ಬಡದಾಕಿ ಕೈ ಸೋತ ಮ್ಯಾಲೆ ಗಿರಿಯಮ್ಮ ಹಿಂದಿನ ಕಿಟಕಿಯಿಂದ ಕೈ ತೂರಿಸಿ ಕಾಲರ್ ಹಿಡಿದು ಜಗ್ಗಿದಾಗ ಬ್ರೇಕ್ ಒತ್ತಿದ.

“ಏನಾತು? ಯಾರಾರ ಬಿದ್ರೇನು?” ಅಂತ ಗಾಬರಿಯಾಗಿ ಇಳಿದು ಹಿಂದ ಬಂದ.

ಬಡದಾಕಿ ಕರೀಮಾಬಿ. “ಆದಪ್ಪ, ಕೆಳಗ ಏನೋ ಟಕ್ ಟಕ್ ಅಂತೈತಿ. ನಿನ್ನೆಯಿಂದ ನನ್ನ ಹಿಮ್ಮಡಿಗೆ ಬಡ್ಯಾಕತ್ತೈತಿ. ಇವತ್ತ ಭಾಳ ಆತು. ತೆಗ್ಗು ಬಂದ್ರ ಟಕ್, ನೀ ಗಾಡಿ ಹೊರಳಿಸಿದ್ರ ಟಕ್.”

“ಹಳೇ ಗಾಡಿ ಬೂಬಮ್ಮ, ಸಪ್ಪಳ ಮಾಡ್ದ ಮತ್ತೇನು ಮಾಡ್ತೈತಿ? ನೀ ಏಳೋವಾಗ ನಿನ್ನ ಮೊಣಕಾಲೂ ಟಕ್ ಅಂತಾವ. ಅವನ್ನ ಯಾರಾರ ಬಿಚ್ಚಿ ನೋಡ್ಯಾರೇನು?”

ಹೆಣ್ಣುಮಕ್ಕಳೆಲ್ಲಾ ಕಿಸಕ್ಕನ ನಕ್ಕರು. ಕರೀಮಾಬಿ ನಗಲಿಲ್ಲ. ಸಾವಕಾಶ ಇಳಿದು ಮುಂದ ಹೋಗಿ ಎಡಗಾಲಿ ಮುಂದ ನಿಂತಳು, ಉಳಿದವರೂ ನೋಡಾಕ ಇಳಿದ್ರು. “ನೋಡು, ಈ ಗಾಲಿ ಸೊಟ್ಟ ನಿಂತೈತಿ. ನಾ ಇದರಾಗ ಹತ್ತಂಗಿಲ್ಲ. ಮಂದೀನೂ ಹತ್ತಾಕ ಬಿಡಂಗಿಲ್ಲ.”

ಆದಪ್ಪಗ ಮೈ ಉರೀತು. ಗಾಡಿ ಬಗ್ಗೆ ಯಾರಾರ ಒಂದು ಮಾತು ಅಂದ್ರ ಅವಗ ಮಗಳನ್ನ ಅಂದಂಗ. ಕಲ್ಯಾಣಮ್ಮ ಅಂತೂ ಎಗರಿ ಬಿದ್ಲು. “ಅಲ್ಲಿ ರೈತ ಸಸಿ ಕಿತ್ತು ಇಟ್ಟುಕೊಂಡು ಕಾಯಾಕತ್ತಾನ, ಈಕೀದೊಂದು ನಾಟಕ! ಹತ್ರೆವ್ವಾ, ಹತ್ರಿ. ಈಕಿ ಬಂದ್ರ ಬರ್ಲಿ, ಬಿಟ್ರ ಬಿಡ್ಲಿ.”

ಎಲ್ಲಾರೂ ಸೆರಗು ಸಿಗಿಸಿ ಸಜ್ಜಾದ್ರು. ಆದ್ರ ಬುತ್ತಿಗಂಟು ಎಲ್ಲಿ? ಮುದುಕಿ ಇಳಿಯೋವಾಗ ಗಂಟೆಲ್ಲಾ ಇಳಿಸಿಬಿಟ್ಟಿದ್ಲು. ಈಗ ಅವನ್ನೆಲ್ಲಾ ಸುತ್ತಲ ಇಟ್ಟುಕೊಂಡು ನಾಲಿ ದಂಡ್ಯಾಗಿನ ಜಾಲಿ ಗಿಡದ ಬುಡಕ್ಕ ಚಕ್ಕಳಬಕ್ಕಳ ಹಾಕ್ಕೊಂಡು ಕುಂತುಬಿಟ್ಟಾಳ.

“ಬುತ್ತಿ ಕೊಡು ಬೂಬಮ್ಮ.”

“ನಡಕೊಂತ ಹೋಗೋರು ತಗೋರಿ. ಗಾಡ್ಯಾಗ ಹೋಗೋರಿಗೆ ರೊಟ್ಟಿ ಇಲ್ಲ.”

ಏನು ಮಾಡಬೇಕು ಹೇಳ್ರಿ? ರೊಟ್ಟಿ ಇಲ್ಲದ ದಿನಪೂರ್ತಿ ಕೆಸರಾಗ ಬಗ್ಗಾಕ ಯಾರಿಂದ ಆಗ್ತೈತಿ? ಬೈಕೊಂತ, ಗೊಣಗಿಕೊಂತ, ಗಂಟು ಕಸಗೊಂಡು ಎಲ್ಲಾರೂ ನಡದ್ರು. ಹೋಗಿ ಮುಟ್ಟೋದ್ರಾಗ ರೈತ ಸಿಂಧನೂರು ಕಡೆಯಿಂದ ಬಂದ ಬ್ಯಾರೆ ಗುಂಪು ಗದ್ದಿಗೆ ಇಳಿಸಿಬಿಟ್ಟಿದ್ದ. ಆವತ್ತಿನ ಕೂಲಿ ನಾಲಿ ನೀರಾಗ ಹೋತು. ಬಿಸಲಾಗ ತಿರುಗಿ ನಡಕೊಂತ ಜಾಲಿ ಗಿಡದ ಹಂತೇಕ ಬಂದಾಗ ಒಬ್ಬೊಬ್ಬರ ಮಾರೀನೂ ನೋಡಾಂಗಿರಲಿಲ್ಲ. ಕರೀಮಾಬಿ ಇನ್ನಾ ಅಲ್ಲೇ ಕುಂತಿದ್ಲು. ಆದಪ್ಪ ಗಾಡಿಗೆ ಒರಗಿ ಹಲ್ಲು ಕಡೀತಿದ್ದ.

“ಈಗಿಂದೀಗ ಗಾಡಿ ಬಿಚ್ಚಿಸ್ತೀನಿ,” ಅಂದ ಆದಪ್ಪ, ಎಲ್ಲಾರಿಗೂ ಕೇಳೂವಂಗ. “ಏನೂ ಇಲ್ಲ ಅಂತಾತು ಅಂದ್ರ ಈ ಬೂಬಮ್ಮ ಮತ್ತ ನನ್ನ ಗಾಡಿ ಹತ್ತಂಗಿಲ್ಲ. ಇದು ನನ್ನ ಮಾತು.”

“ನನ್ನ ಗುಂಪಿನಾಗೂ ಇರಂಗಿಲ್ಲ,” ಅಂದ್ಲು ಕಲ್ಯಾಣಮ್ಮ. ಆಕಿಗೆ ಬೇಕಾದ ನೆಪ ತಾನಾಗಿ ಬಂದು ಸೆರಗಿಗೆ ಬಿದ್ದಿತ್ತು.

ಕರೀಮಾಬಿ ಮಾರಿ ಸಣ್ಣದಾತು. ಸಕೀನಾಬೀ ಕಣ್ಮುಂದ ಬಂದಿರಬೇಕು. ಆದ್ರೂ ಮಾತು ಹಿಂದ ತಗೊಳ್ಳಲಿಲ್ಲ. “ಆತು, ಬಿಚ್ಚಿಸು. ಒಂದ ಒಂದು ಕೇಳ್ತೀನಿ ಬೇಟಾ, ಸಾವಕಾಶ ಹೋಗು. ನಾಲಿ ದಂಡಿ ದಾಟೋಮಟ ಭಾಳ ಸಾವಕಾಶ.”

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ದಾರಿ ಹಿಡಿದ್ಲು. ಗಿರಿಯಮ್ಮ ಗಾಡಿ ಹತ್ತಾಕ ಕಾಲಿಟ್ಟಾಕಿ ಯಾಕೋ ಇಳಿದು ತಾನೂ ಆಕಿ ಬೆನ್ನು ಹತ್ತಿದ್ಲು. ಹಿಂದ ಎಲ್ಲಾರೂ ಹೋದ್ರು.

ಆದಪ್ಪ ಖಾಲಿ ಗಾಡಿ ಹೊಡಕೊಂಡು ಹೊಂಟ. ಸಿಟ್ಟಿನಾಗ ಹಾಡು ಬಂದ್ ಮಾಡಿದ್ದ. ಹಾಡಿಲ್ಲದ ಗಾಡ್ಯಾಗ ಅವಗ ಮೊದಲ ಸಲ ಅದು ಕೇಳಿಸಿತು. ಟಕ್. ಮುಂದಿನ ತೆಗ್ಗಿಗೆ ಮತ್ತ ಟಕ್. “ಇದೇನು ದೊಡ್ಡದು, ಯಾವುದೋ ರಬ್ಬರ್ ಬುಷ್ ಸವದಿರಬೇಕು,” ಅಂತ ತನಗ ತಾನ ಹೇಳಿಕೊಂಡ. ಆದ್ರ ಕಾಲು ತಾನಾಗಿ ಆಕ್ಸಿಲೇಟರ್ ಬಿಟ್ಟು ಮ್ಯಾಲೆ ಬಂತು. ಬೂಬಮ್ಮನ ಸಾವಕಾಶ ಅನ್ನೋ ಮಾತು ಕಿವ್ಯಾಗ ಕುಂತಿತ್ತು. ಸೈಕಲ್ಲಿನವರು ಸೈತ ಅವನ್ನ ದಾಟಿ ಹೋದ್ರು.

ಜಬೀವುಲ್ಲಾನ ಗ್ಯಾರೇಜು ಮಸ್ಕಿಯಿಂದ ಲಿಂಗಸುಗೂರಿಗೆ ಹೋಗೋ ರಸ್ತೆದಾಗ, ಬೇವಿನ ಗಿಡದ ನೆಳ್ಳಿಗೆ ಐತಿ. ಇಬ್ಬರೂ ಒಂದ ಓಣ್ಯಾಗ ಗೋಲಿ ಆಡಿ ಬೆಳದವರು, ಮಾತಿನಾಗ ಮುಚ್ಚುಮರಿ ಇಲ್ಲ.

“ಏನ್ ಆದಪ್ಪಣ್ಣ, ಮಾರಿ ಕೆಂಡ ಆಗೈತಲ್ಲ?”

“ಗಾಡಿ ನೋಡು. ನೋಡಿ, ಏನೂ ಆಗಿಲ್ಲ ಅಂತ ಒಂದು ಮಾತು ಅನ್ನು. ಅಷ್ಟ ಬೇಕಾಗೈತಿ ನನಗ.”

“ಅರೆ, ನೋಡೋಕಿಂತ ಮೊದಲ ಹೆಂಗನ್ಲಿ?” ಅಂತ ನಕ್ಕೊಂತ ಜಬೀವುಲ್ಲಾ ಎಡಗಡೆ ಜಾಕ್ ಕೊಟ್ಟು ಗಾಲಿ ಎತ್ತಿದ. ಗಾಲಿ ಬುಡಕ್ಕ ಕಬ್ಬಿಣದ ಹಾರಿ ತೂರಿಸಿ ಮ್ಯಾಲಕ್ಕ ಮೀಟಿದ. ಟಕ್! ಇನ್ನೊಮ್ಮೆ ಮೀಟಿದ. ಗಾಲಿ ಹಾಲುಹಲ್ಲಿನಂಗ ಅಳ್ಳಾಡಿತು. ಜಬೀವುಲ್ಲಾನ ನಗಿ ನಿಂತುಹೋತು. ಗಾಲಿ ಬಿಚ್ಚಿ, ಪಾನಾ ತಗೊಂಡು ಗಾಡಿ ಕೆಳಗ ತೂರಿದ. ಸುತ್ತಿಗಿ ಪೆಟ್ಟು ಬಿದ್ದವು. ಸ್ವಲ್ಪ ಹೊತ್ತಿಗೆ ಹೊರಗ ಬಂದು, ಆದಪ್ಪನ ಅಂಗೈ ಬಿಡಿಸಿ, ಒಂದು ಕಬ್ಬಿಣದ ತುಂಡು ಇಟ್ಟ.

ಅದು ಬಾಲ್ ಜಾಯಿಂಟ್. ಮುಂದಿನ ಗಾಲಿ ಆಕಡೆ ಈಕಡೆ ಹೊರಳಬೇಕು, ತೆಗ್ಗಿನಾಗ ಏರಿಳೀಬೇಕು, ಆದ್ರೂ ಗಾಡಿ ಬಿಟ್ಟು ಹೋಗಬಾರದು. ಅಷ್ಟನ್ನೂ ಹಿಡಿದಿಡೋದು ಈ ಮುಷ್ಟಿಯಷ್ಟು ಸಾಮಾನು. ನಮ್ಮ ತೊಡಿ ಎಲುಬು ಟೊಂಕದ ಬಟ್ಟಲದಾಗ ಕುಂತಂಗ, ಕಬ್ಬಿಣದ ಗುಂಡು ಕಬ್ಬಿಣದ ಬಟ್ಟಲದಾಗ ಕುಂತಿರ್ತೈತಿ. ಒಳಗಿನ ಗ್ರೀಸು ಕಾಯಾಕ ಮ್ಯಾಲೊಂದು ರಬ್ಬರಿನ ಟೊಪ್ಪಿಗಿ ಇರ್ತೈತಿ. ಆದಪ್ಪನ ಕೈಯಾಗಿದ್ದುದರ ಟೊಪ್ಪಿಗಿ ಉಬ್ಬಿ, ಹರಿದು, ಚಿಂದಿ ಆಗಿತ್ತು. ಗ್ರೀಸಿನ ಜಾಗದಾಗ ಕಾಲುವಿ ಕೆಸರು, ಕೆಂಪು ಜಂಗು. ಜಬೀವುಲ್ಲಾ ಎರಡು ಬೆರಳಿಲೆ ಜಗ್ಗಿದ. ಗುಂಡು ಬಟ್ಟಲ ಬಿಟ್ಟು ಕೈಯಾಗ ಬಂತು.

“ಇಲ್ಲಿಮಟ ಹೆಂಗ ಬಂದಿ ನೀ?”

“ಸಾವಕಾಶ ಬಂದೆ.”

“ಸಾವಕಾಶ ಬಂದದ್ದಕ್ಕ ಮಾತಾಡಾಕ ಉಳದಿ. ಮಂದಿ ತುಂಬಿಕೊಂಡು ನಿನ್ನ ಯಾವತ್ತಿನ ಓಟದಾಗ ಬಂದಿದ್ರ ಒಂದು ತೆಗ್ಗು ಸಾಕಾಗಿತ್ತು. ಗಾಲಿ ಹೊರಗ ಮಲಗಿ, ಸ್ಟೇರಿಂಗ್ ಕೈ ಬಿಟ್ಟು, ಗಾಡಿ ಎಡಕ್ಕ ಉರುಳ್ತಿತ್ತು.”

ಎಡಕ್ಕ. ಎಡಕ್ಕ ಏನಿತ್ತು ಅನ್ನೋದು ಆದಪ್ಪಗ ಯಾರೂ ಹೇಳೋದು ಬೇಕಿರಲಿಲ್ಲ. ದಂಡಿ ತುಂಬಿದ ನಾಲಿ, ಹಿಂದ ಅಷ್ಟೂ ಹೆಣ್ಣುಮಕ್ಕಳು, ನಡುವ ಕುಂತ ಗಿರಿಯಮ್ಮ. ಅವರೊಳಗ ಒಬ್ಬಾಕಿಗೂ ಈಜು ಬರಂಗಿಲ್ಲ. ಅವ ಅಲ್ಲೇ ಬೇವಿನ ಗಿಡದ ಬುಡಕ್ಕ, ಆಯಿಲ್ಲು ಚೆಲ್ಲಿದ ಮಣ್ಣಾಗ ಕುಂತುಬಿಟ್ಟ.

“ಯಪ್ಪಾ, ಎಂಥಾದ್ದು ತಪ್ಪಿತೋ,” ಅಂದ. ಕಣ್ಣಾಗ ನೀರು ಬಂದದ್ದು ಅವಗ ಗೊತ್ತಾಗಲಿಲ್ಲ. “ಆ ಮುದುಕಿ ಕಾಲು ಹಿಡಕೋಬೇಕು ಜಬೀ. ನಾ ಆಕಿ ಮೊಣಕಾಲು ಆಡಿಕೊಂಡೆ.”

ನಡದದ್ದೆಲ್ಲಾ ಕೇಳಿ ಜಬೀವುಲ್ಲಾ ಗಾಡಿ ಹೊಟ್ಟಿ ಕಡೆ ಬೆರಳು ಮಾಡಿದ. “ಇದಕ್ಕ ಕರಿ ಆಯಿಲ್ಲು ಬಳದವರು ಯಾರು?”

“ನಾನ. ಅಮಾಸಿಗೊಮ್ಮೆ, ತೊಳದ ಮ್ಯಾಲೆ.”

“ತೊಳದದ್ದು ಕಾಲುವ್ಯಾಗ. ಹೌದಿಲ್ಲೋ? ಇದೇನು ಎತ್ತೇನಲೇ, ನೀರಾಗ ನಿಂದ್ರಿಸಿ ಎಣ್ಣಿ ತಿಕ್ಕಾಕ? ಆ ಆಯಿಲ್ಲು ರಬ್ಬರ್ ತಿಂದೈತಿ. ಹರಿದ ಟೊಪ್ಪಿಗ್ಯಾಗ ನಿನ್ನ ಕಾಲುವಿ ನೀರು ಹೋಗಿ ಗುಂಡು ತಿಂದೈತಿ. ಯಾವ ವೈರಿನೂ ನಿನ್ನ ಗಾಡಿಗೆ ಇಷ್ಟು ಕೇಡು ಮಾಡಿರಂಗಿಲ್ಲ, ನೀ ಪ್ರೀತಿ ಮಾಡಿದಷ್ಟು.”

ಬ್ಯಾರೆ ದಿನ ಆಗಿದ್ರ ಆದಪ್ಪ ಸಿಟ್ಟಾಗಿ ಗಾಡಿ ತಗೊಂಡು ಲಿಂಗಸುಗೂರಿನ ಗ್ಯಾರೇಜಿಗೆ ಹೋಗಿಬಿಡ್ತಿದ್ದ, ಇವತ್ತ ಬೈಗಳೂ ಅವಗ ತಂಪನಿಸಿದವು.

ಸಿಂಧನೂರಿನ ಅಂಗಡಿಗೆ ಫೋನ್ ಹೋತು. ಅಂಗಡಿಯವ ಹೊಸ ಬಾಲ್ ಜಾಯಿಂಟ್ ಡಬ್ಬಿ ಬಸ್ಸಿನ ಡ್ರೈವರ್ ಕೈಯಾಗ ಕೊಟ್ಟು ಕಳಿಸಿದ. ಆದಪ್ಪ ಬಸ್‌ಸ್ಟ್ಯಾಂಡಿಗೆ ಓಡಿ ಇಸಗೊಂಡು ಬಂದ. ಎಡಗಡೆ ಹೋದ ಮ್ಯಾಲೆ ಬಲಗಡೆದು ಎಷ್ಟು ದಿನ ಅಂತ ಜಬೀವುಲ್ಲಾ ಎರಡೂ ಕಡೆ ಬದಲಿ ಮಾಡಾಕ ಕುಂತ. ಜಂಗು ಒರಸಿ, ಹೊಸದು ಕೂಡಿಸಿ, ಬೋಲ್ಟು ಎದುರುಬದುರು ಒಂದೊಂದ ಸುತ್ತು ಬಿಗಿಕೊಂತ ಬಂದ. ದೊಡ್ಡ ನಟ್ಟು ಬಿಗಿದು ಪಿನ್ನು ಹಾಕಾಕ ನೋಡಿದ್ರ ನಟ್ಟಿನ ಸೀಳಿಗೂ ಒಳಗಿನ ತೂತಿಗೂ ಕೂದಲೆಳಿಯಷ್ಟು ಫರಕು.

“ನಟ್ಟು ಒಂಚೂರು ಹಿಂದ ಬಿಡು, ಪಿನ್ನು ಹೋಗ್ತೈತಿ,” ಅಂದ ಆದಪ್ಪ.

“ಹಿಂದ ಬಿಡೋ ಮಾತ ಇಲ್ಲ. ಕೂಡದಿದ್ರ ಮುಂದಕ್ಕ ಬಿಗೀಬೇಕು,” ಅಂತ ಜಬೀವುಲ್ಲಾ ಪಾನಾದ ಮ್ಯಾಲೆ ಮೈಭಾರ ಹಾಕಿದ. ಸೀಳಿಗೆ ತೂತು ಕೂಡಿತು. ಪಿನ್ನು ತೂರಿಸಿ ಅದರ ಎರಡೂ ಕಾಲು ಮಡಚಿದ. “ಕೆಲವು ದಿನ ಓಡಿಸಿ ತಗೊಂಡು ಬಾ, ಮತ್ತೊಮ್ಮೆ ಎಲ್ಲಾ ಬಿಗಿದು ಕೊಡ್ತೀನಿ. ಹೊಸ ಸಾಮಾನು ಓಡಿದ ಮ್ಯಾಲೆ ಕೂಡ್ತೈತಿ.”

ಅಷ್ಟೊತ್ತಿಗೆ ಗಿರಿಯಮ್ಮನ ಫೋನು ಬಂತು. “ಏನಂದ್ರು? ಇಲ್ಲಿ ಕಲ್ಯಾಣಮ್ಮ ಬಂದು ಕುಂತಾಳ.” ಫೋನು ಕಲ್ಯಾಣಮ್ಮನ ಕೈಗೆ ಹೋತು. “ಏನೂ ಇಲ್ಲ ಅಂದಿರಬೇಕಲ್ಲ ಆದಪ್ಪ? ನಾ ನಾಳಿಗೆ ಬ್ಯಾರೆ ಹುಡುಗೀನ ಮಾತಾಡೀನಿ. ಬೂಬಮ್ಮಗ ಬರಬ್ಯಾಡ ಅಂತ ಹೇಳಿ ಕಳಿಸೀನಿ.”

ಖರೇ ಹೇಳಬೇಕಂದ್ರ ಒಂದು ಗಳಿಗಿ ಆದಪ್ಪಗ ಮುಚ್ಚಿಡೋ ಆಸಿ ಹುಟ್ಟಿತು. ಗಾಡೀನ ಎತ್ತಿನಂಗ ಸಾಕೀನಿ ಅಂತ ಓಣಿ ತುಂಬ ಹೇಳಿಕೊಂಡು ತಿರುಗಿದವ, ಅದನ್ನ ಕೆಡಿಸಿದವ ತಾನ ಅಂತ ಹೆಂಗ ಹೇಳ್ಯಾನು? ಹೌದು, ಏನೂ ಇಲ್ಲ ಅಂದ್ರ ಅಲ್ಲಿಗೆ ಮುಗೀತಿತ್ತು, ಗಾಡೀನೂ ಈಗ ಚಲೋ ಐತಿ, ಯಾರಿಗೆ ಗೊತ್ತಾಗ್ತೈತಿ? ಅವನ ಕಣ್ಣು ಮಣ್ಣಾಗ ಬಿದ್ದ ಗುಂಡಿನ ಮ್ಯಾಲೆ ಹೋತು. ಥೂ ನಿನ್ನ, ಅಂತ ತನಗ ತಾನ ಬೈಕೊಂಡ.

“ಆ ಹುಡುಗಿಗೆ ಬ್ಯಾಡ ಅನ್ನು ಕಲ್ಯಾಣಕ್ಕ. ನಾಳಿ ಮುಂಜಾನಿ ಬಂದು ಹೇಳ್ತೀನಿ,” ಅಂದು ಫೋನಿಟ್ಟ. ಹಳೇ ಸಾಮಾನು ಗ್ಯಾರೇಜಿನವಗ ಗುಜರಿಗೆ ಬಿಡೋದು ಪದ್ಧತಿ. ಆದಪ್ಪ ಬಿಡಲಿಲ್ಲ. ಎಡಗಡೆ ಬಾಲ್ ಜಾಯಿಂಟ್ ಟವಲಿನಾಗ ಕಟ್ಟಿಕೊಂಡ.

ಮುಂಜಾನಿ ಹನುಮಪ್ಪನ ಕಟ್ಟಿ ಹಂತೇಕ ಹೆಣ್ಣಾಳೆಲ್ಲಾ ಕೂಡಿದ್ರು. ಕರೀಮಾಬಿ ಇರಲಿಲ್ಲ. ಆದಪ್ಪ ಗಾಡಿ ನಿಂದ್ರಿಸಿ, ಟವಲು ಬಿಚ್ಚಿ, ಗುಂಡು ಬಟ್ಟಲದಾಗ ಕೂಡಿಸಿ ಕಲ್ಯಾಣಮ್ಮನ ಕೈಯಾಗ ಇಟ್ಟ. “ಅಳ್ಳಾಡಸು.”

ಕಲ್ಯಾಣಮ್ಮ ಅಳ್ಳಾಡಿಸಿದ್ಲು. ಟಕ್ ಅಂತು. ಮತ್ತೊಮ್ಮೆ ಅಳ್ಳಾಡಿಸಿದ್ಲು, ಗುಂಡು ಬಟ್ಟಲ ಬಿಟ್ಟು ಕಟ್ಟಿ ಮ್ಯಾಲೆ ಬಿದ್ದು ಉರುಳಿತು.

“ಇದು ನಮ್ಮ ಎಡಗಾಲಿ ಹಿಡಿದಿದ್ದ ಸಾಮಾನು,” ಅಂದ ಆದಪ್ಪ. “ಹಿಂಗ ಉದುರೋದಿತ್ತು, ನಾಲಿ ದಂಡ್ಯಾಗ. ಕೆಡಿಸಿದವ ನಾನು, ಕಾಲುವ್ಯಾಗ ತೊಳದು, ಕರಿ ಆಯಿಲ್ಲು ಹಚ್ಚಿ. ನಿನ್ನೆ ನೀವೆಲ್ಲಾ ನಡಕೊಂತ ಹೋದ್ರಿ, ಬೈಕೊಂತ ಮನಿ ಮುಟ್ಟಿದ್ರಿ. ಮುಟ್ಟಿದ್ರಿ ನೋಡ್ರಿ, ಅದು ಬೂಬಮ್ಮ ಕೊಟ್ಟಿದ್ದು.”

ಗಿರಿಯಮ್ಮ ಸೆರಗು ಬಾಯಿಗೆ ಒತ್ತಿಕೊಂಡ್ಲು. ಕಲ್ಯಾಣಮ್ಮ ಉರುಳಿದ ಗುಂಡು ಎತ್ತಿಕೊಂಡು, “ನನಗ ಮೂರು ಮಕ್ಕಳು ಅದಾವ,” ಅಂತ ಸಣ್ಣ ದನಿಲೆ ಅಂದು, ಮುಂದ ನಡದ್ಲು. ಹಿಂದ ಎಲ್ಲಾರೂ ನಡದ್ರು.

ಕರೀಮಾಬಿ ಮನಿ ಮುಂದ ಕಸ ಹೊಡ್ಯಾಕತ್ತಿದ್ಲು. ಇಷ್ಟು ಮಂದಿ ಬಂದದ್ದು ನೋಡಿ ಕಸಬರಿಗಿ ಹಿಡಕೊಂಡ ನಿಂತಳು, ಬೈಯಾಕ ಬಂದಾರ ಅಂತ ತಿಳಿದಿರಬೇಕು. ಕಲ್ಯಾಣಮ್ಮ ಆಕಿ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ್ಲು. ಆದಪ್ಪ ಕಾಲಿಗೆ ಬಗ್ಗಿದ, ಆಕಿ ಹಿಂದಕ್ಕ ಸರದ್ಲು.

“ತೌಬಾ ತೌಬಾ! ಇದೇನು ಹಚ್ಚೀರಿ ಮುಂಜಮುಂಜಾನೆ?”

ಹೊಸ್ತಿಲದಾಗ ಕುಂತಿದ್ದ ಸಕೀನಾಬೀ ಕೈ ಚಾಚಿ, “ಅದೇನು ತಂದೀರಿ, ನನಗೂ ಕೊಡ್ರಿ,” ಅಂದ್ಲು. ಗಿರಿಯಮ್ಮ ಬಾಲ್ ಜಾಯಿಂಟ್ ಕೂಡಿಸಿ ಆಕಿ ಅಂಗೈಯಾಗ ಇಟ್ಲು. ಸಕೀನಾಬೀ ಅದನ್ನ ಬೆರಳಿಲೆ ಸವರಿ, ಕಿವಿ ಹಂತೇಕ ಒಯ್ದು ಅಳ್ಳಾಡಿಸಿದ್ಲು. “ಅಕ್ಕಾ, ರಾತ್ರಿಯೆಲ್ಲಾ ಹೇಳಿಕೊಂತ ಅತ್ತಿಯಲ್ಲ ಟಕ್ ಅಂತ, ಅದು ಇದ ಏನು? ನೀ ಸುಳ್ಳು ಹೇಳಿದ್ದಿಲ್ಲ.”

ಆವಾಗ ಕರೀಮಾಬಿ ಕಣ್ಣು ತುಂಬಿ ಬಂದವು. “ನಂದ ತಪ್ಪಿರಬೇಕು ಅಂತ ನನಗೂ ಅನ್ನಿಸಿಬಿಟ್ಟಿತ್ತು ನೋಡು,” ಅಂದ್ಲು.

“ಇನ್ಮ್ಯಾಲೆ ನೀ ನನ್ನ ಸಾಲಿನ ಮಗ್ಗಲದ ಸಾಲು ಹಿಡಿ,” ಅಂದ್ಲು ಕಲ್ಯಾಣಮ್ಮ. “ನಿಂದು ಉಳಿದಷ್ಟು ನಾ ಹಚ್ಚತೀನಿ. ನಾ ಮೇಸ್ತ್ರಿ ಇರೋಮಟ ನೀ ಬರಬೇಕು.”

ಆದಪ್ಪ ಓಡಿಹೋಗಿ ಗಾಡಿ ಮನಿ ಮುಂದ ತಂದ. ಇಳಿದು ಕ್ಯಾಬಿನ್ನಿನ ಎಡಗಡೆ ಬಾಗಲಾ ತಗದು, ಸೀಟಿನ ಮ್ಯಾಲೆ ತನ್ನ ಟವಲು ಹಾಸಿದ. “ಬಾ ಬೂಬಮ್ಮ. ಇವತ್ತಿನಿಂದ ನಿನ್ನ ಜಾಗ ಇದು. ಮೆತ್ತಗ ಐತಿ, ಸೊಂಟಕ್ಕ ತ್ರಾಸಿಲ್ಲ.”

ಕರೀಮಾಬಿ ಸೀಟು ನೋಡಿದ್ಲು, ಟವಲು ನೋಡಿದ್ಲು. ಆಮ್ಯಾಲೆ ಬುತ್ತಿಗಂಟು ಬಗಲಿಗಿಟ್ಟುಕೊಂಡು ಹಿಂದಕ್ಕ ನಡದ್ಲು. “ಕಲ್ಯಾಣಿ, ಕೈ ಕೊಡು, ಹತ್ತಿಸು.”

“ಯಾಕ ಬೂಬಮ್ಮ? ಮನಸಿನಾಗ ಇನ್ನಾ ಸಿಟ್ಟೈತೇನು?” ಅಂತ ಆದಪ್ಪ ಆಕಿ ಹಿಂದ ಬಂದ.

“ಸಿಟ್ಟು ಎಲ್ಲಿದು ಬೇಟಾ. ಮೆತ್ತನ ಸೀಟಿನ ಮ್ಯಾಲೆ ನನ್ನ ಹಿಮ್ಮಡಿಗೆ ಏನು ತಿಳೀತೈತಿ?” ಅಂತ ತನ್ನ ಮೂಲ್ಯಾಗ ಕುಂತು, ಚಪ್ಪಲಿ ಬಿಚ್ಚಿ, ಬರಿಗಾಲು ತಗಡಿನ ಮ್ಯಾಲೆ ಊರಿದ್ಲು. ಅದನ್ನ ನೋಡಿದ ಮ್ಯಾಲೆ ಉಳಿದವರು ಒಬ್ಬೊಬ್ಬರ ಹತ್ತಿದ್ರು. ತಮ್ಮ ತಮ್ಮ ಬುತ್ತಿ ತಾವ ಆಕಿ ಮಗ್ಗಲದಾಗ ಇಟ್ರು.

ಆದಪ್ಪ ಹಾಡು ಹಚ್ಚಲಿಲ್ಲ. ಮಸ್ಕಿ ದಾಟಿದ, ತುರ್ವಿಹಾಳ ದಾಟಿದ, ಕಿವಿ ಪೂರಾ ಹಿಂದ ಇಟ್ಟುಕೊಂಡ ಹೊಡದ. ನಾಲಿ ದಂಡಿ ಹತ್ತಿದ ಕೂಡ್ಲೇ, ಆ ಜಾಲಿ ಗಿಡ ಬಂದ ಕೂಡ್ಲೇ, ಕ್ಯಾಬಿನ್ ತಲಿ ಮ್ಯಾಲೆ ಧಪಧಪ ಬಡದದ್ದು ಕೇಳಿಸಿತು. ಅಲ್ಲೇ ಬ್ರೇಕ್ ಹಾಕಿ, ಬಾಗಲಾ ತಗದು ಹಿಂದಕ್ಕ ಓಡಿ ಬಂದ.

“ಏನಾತು ಬೂಬಮ್ಮ? ಮತ್ತ ಟಕ್ ಅಂತೇನು?”

“ಏನೂ ಅನ್ನಂಗಿಲ್ಲ, ಹಾಲಿನಂಗ ಹೊಂಟೈತಿ,” ಅಂದ್ಲು ಕರೀಮಾಬಿ. “ಕೇಳೋ ಕೆಲಸ ನಾ ಮಾಡಾಕತ್ತೀನಲ್ಲ. ನೀ ಹಾಡು ಹಚ್ಚು, ಮಂದಿಗೆ ಬ್ಯಾಸರಾಗೈತಿ.”